ಸತ್ತವನು ಯಾರು ಅಂತ ನೋಡಿ ಸಿಟ್ಟು ಮಾಡೋದಾ?

ನಮ್ಮ ಪತ್ರಿಕೆಗೆ ಬಂದ ಒಂದು ಪತ್ರದ ಸಾರ ಮೊದಲು ಹೇಳಿಬಿಡುತ್ತೇನೆ. ಬರೆದವರು ಹಾವೇರಿ ಜಿಲ್ಲೆಯವರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. 2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಹೆಣ್ಣುಮಗುವಿನ ಕೊಲೆಯಾಯಿತು. ಅದೇ ದಿನ ಆರೋಪಿ ಪೊಲೀಸರ ಗುಂಡಿಗೆ ಸತ್ತ. ಆ ಬಗ್ಗೆ ನಾವು "ಗುಂಡು ಹಾರಿಸಿದ್ದು ಹೇಗೆ, ತನಿಖೆ ಆಗಲಿ" ಎಂದು ಬರೆದಿದ್ದೆವು. ಅದಕ್ಕೆ ಇವರ ಸಿಟ್ಟು. "ಆ ಮಗು ನಿಮ್ಮ ಮನೆಯದಾಗಿದ್ದರೆ ಹೀಗೆ ಬರೀತಿದ್ರಾ? ಊರೆಲ್ಲ ಪಟಾಕಿ ಹೊಡೆದರೆ ನಿಮಗೊಬ್ಬರಿಗೆ ಹೊಟ್ಟೆನೋವು. ಮಂಗಳೂರಲ್ಲಿ ಕಲ್ಲು ಹೊಡೆದವರು ಸತ್ತಾಗಲೂ ಅತ್ತಿದ್ರಿ. ಪೊಲೀಸರು ಸತ್ತರೆ ಮಾತ್ರ ನಿಮ್ಮ ಪೆನ್ನಲ್ಲಿ ಇಂಕು ಇರಲ್ಲ. ಕ್ಷಮೆ ಕೇಳಿ, ಇಲ್ಲಾಂದ್ರೆ ಚಂದಾ ನಿಲ್ಲಿಸ್ತೇನೆ."

ಸರ್, ಪತ್ರ ಪೂರ್ತಿ ಓದಿದೆ. ಸಿಟ್ಟಲ್ಲಿ ಬರೆದಿದ್ದೀರಿ, ಆದರೆ ಸುಮ್ನೆ ಬರೆದಿಲ್ಲ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನಿಮ್ಮ ಜೊತೆ ಒಪ್ಪುವ ಮಾತು. ಆ ಮಗು ನನ್ನ ಮನೆಯದಾಗಿದ್ದರೆ ನಾನು ತನಿಖೆ ಗಿನಿಖೆ ಅಂತ ಮಾತಾಡುತ್ತಿರಲಿಲ್ಲ. ಕೈಗೆ ಸಿಕ್ಕಿದ್ದು ತಗೊಂಡು ಹೊಡೆಯಲು ಹೋಗುತ್ತಿದ್ದೆ. ಅದಕ್ಕೇ ಅಲ್ವಾ, ಇಂಥ ಪ್ರಕರಣವನ್ನು ಮಗು ಕಳೆದುಕೊಂಡವರ ಕೈಗೆ ಕೊಡದೆ ನ್ಯಾಯಾಲಯದ ಕೈಗೆ ಕೊಟ್ಟಿರುವುದು? ಅಪ್ಪ ಅಮ್ಮನ ಸಿಟ್ಟು ನ್ಯಾಯವಾದದ್ದೇ. ಆದರೆ ಪಿಸ್ತೂಲು ಇಟ್ಟುಕೊಂಡವರು ಅದೇ ಸಿಟ್ಟಿನಲ್ಲಿ ಕೆಲಸ ಮಾಡಿದರೆ ಏನಾಗುತ್ತದೆ ಅನ್ನುವುದು ಬೇರೆ ಪ್ರಶ್ನೆ. ನಾವು ಕೇಳಿದ್ದು ಅಷ್ಟೇ.

ನೀವು ಹೈದರಾಬಾದಿನ ಉದಾಹರಣೆಯನ್ನೂ ಕೊಟ್ಟಿದ್ದೀರಿ. ಅದನ್ನೇ ತೆಗೆದುಕೊಳ್ಳೋಣ. ಅಲ್ಲಿ ಅತ್ಯಾಚಾರದ ಆರೋಪಿಗಳು ಪೊಲೀಸರ ಗುಂಡಿಗೆ ಸತ್ತ ತಿಂಗಳಲ್ಲೇ ಮಂಗಳೂರಿನ ಗೋಲಿಬಾರೂ ನಡೆಯಿತು. ಎರಡರ ನಡುವೆ ಇದ್ದದ್ದು ಹದಿಮೂರೇ ದಿನ.

2019ರ ನವೆಂಬರ್ 27ರ ರಾತ್ರಿ ಶಂಶಾಬಾದ್ ಟೋಲ್ ಹತ್ತಿರ ಒಬ್ಬ ಪಶುವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ. ಮನೆಯವರು ಅದೇ ರಾತ್ರಿ ಪೊಲೀಸರ ಬಳಿ ಓಡಿದರೆ, ಇದು ನಮ್ಮ ಠಾಣೆ ವ್ಯಾಪ್ತಿಗೆ ಬರಲ್ಲ ಅನ್ನುವ ಹಳೇ ರಾಗ. ದೂರು ದಾಖಲಿಸಲು ತಡ ಮಾಡಿದ್ದಕ್ಕೆ ಮೂವರು ಪೊಲೀಸರು ಅಮಾನತಾದರು. ಆ ವಾರ ಜನ ಬೈದದ್ದು ಪೊಲೀಸರನ್ನೇ. ಶಾದ್‌ನಗರ ಠಾಣೆಯ ಮುಂದೆ ಜನ ಸೇರಿ, ಆರೋಪಿಗಳನ್ನು ನಮಗೆ ಕೊಡಿ ಎಂದು ಗಲಾಟೆ ಮಾಡಿದರು. ಡಿಸೆಂಬರ್ 6ರ ಬೆಳಗಿನ ಜಾವ ನಾಲ್ವರೂ ಆರೋಪಿಗಳನ್ನು ಚಟಾನ್‌ಪಲ್ಲಿ ಸೇತುವೆ ಹತ್ತಿರ ಸ್ಥಳ ಮಹಜರಿಗೆ ಕರೆದೊಯ್ದರು. ಆರೋಪಿಗಳು ನಮ್ಮ ಆಯುಧ ಕಿತ್ತುಕೊಂಡರು, ಕಲ್ಲು ಹೊಡೆದರು, ಆತ್ಮರಕ್ಷಣೆಗೆ ಗುಂಡು ಹಾರಿಸಬೇಕಾಯಿತು ಎಂದು ಪೊಲೀಸರು ಹೇಳಿದರು. ನಾಲ್ವರೂ ಸತ್ತಿದ್ದರು. ಬೆಳಗಾಗುವಷ್ಟರಲ್ಲಿ ಹೂವಿನ ಮಳೆ. ಪೊಲೀಸರನ್ನು ಹೆಗಲ ಮೇಲೆ ಹೊತ್ತರು, ರಾಖಿ ಕಟ್ಟಿದರು, ಸಿಹಿ ಹಂಚಿದರು. ಆಗ ಸೈಬರಾಬಾದ್ ಕಮಿಷನರ್ ಆಗಿದ್ದ ವಿ.ಸಿ. ಸಜ್ಜನರ ಹುಬ್ಬಳ್ಳಿಯವರು. ಹಾಗಾಗಿ ನಮ್ಮ ಚಾನೆಲ್‌ಗಳಲ್ಲೂ "ಕನ್ನಡಿಗ ಸಿಂಗಂ" ಎಂದು ದಿನವಿಡೀ ಜೈಕಾರ. 2008ರಲ್ಲಿ ಅವರು ವಾರಂಗಲ್ ಎಸ್‌ಪಿ ಆಗಿದ್ದಾಗಲೂ ಆಸಿಡ್ ದಾಳಿಯ ಮೂವರು ಆರೋಪಿಗಳು ಹೀಗೇ ಸತ್ತಿದ್ದರು ಅನ್ನುವುದನ್ನು ಹೆಮ್ಮೆಯಿಂದಲೇ ನೆನಪಿಸಿದರು.

ಇಲ್ಲಿ ಒಂದು ವಿಷಯ ಗಮನಿಸಿ. ಆ ರಾತ್ರಿ ದೂರು ತಗೊಳ್ಳದೆ ಅಲೆದಾಡಿಸಿದ್ದು ಯಾಕೆ ಅನ್ನುವ ಪ್ರಶ್ನೆ ಎಲ್ಲಿ ಹೋಯಿತು? ಮೂವರ ಅಮಾನತಿನ ಆಚೆಗೆ ಅದು ಬೆಳೆಯಲೇ ಇಲ್ಲ. ಡಿಸೆಂಬರ್ 5ರವರೆಗೆ ಊರಿಗೆ ಊರೇ ಕೇಳುತ್ತಿದ್ದ ಪ್ರಶ್ನೆ 6ನೇ ತಾರೀಕು ಹೂವಿನಡಿ ಹೋಯಿತು. ಮುಂದೆ ಇನ್ನೊಂದು ಹೆಣ್ಣುಮಗಳ ಜೀವ ಉಳಿಸಬಹುದಾಗಿದ್ದ ಪ್ರಶ್ನೆ ಅದೊಂದೇ ಆಗಿತ್ತು, ಸರ್. ಗುಂಡು ಹಾರಿಸಿದ್ದರಿಂದ ಯಾವ ಠಾಣೆಯಲ್ಲೂ ದೂರು ಬೇಗ ದಾಖಲಾಗುವುದಿಲ್ಲ.

ಆಮೇಲೆ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಅವರ ಆಯೋಗ ನೇಮಿಸಿತು. ಅದರ ವರದಿ 2022ರ ಮೇ ತಿಂಗಳಲ್ಲಿ ಹೊರಬಂತು. ಕೊಲ್ಲುವ ಉದ್ದೇಶದಿಂದಲೇ ಬೇಕಂತ ಗುಂಡು ಹಾರಿಸಲಾಗಿದೆ, 10 ಪೊಲೀಸರ ಮೇಲೆ ಕೊಲೆ ವಿಚಾರಣೆ ನಡೆಯಬೇಕು ಎಂದಿತು. ಸತ್ತ ನಾಲ್ವರಲ್ಲಿ ಮೂವರು ಆಗ ಅಪ್ರಾಪ್ತರು ಎಂದೂ ಹೇಳಿತು. ವಿಷಯ ತೆಲಂಗಾಣ ಹೈಕೋರ್ಟಿಗೆ ಹೋಯಿತು. ಆಯೋಗ ಹೇಳಿದ್ದೇ ಅಂತಿಮ ತೀರ್ಪು ಅಲ್ಲ, ಒಪ್ಪುತ್ತೇನೆ, ಆ ಪೊಲೀಸರಿಗೂ ತಮ್ಮ ವಾದ ಹೇಳುವ ಹಕ್ಕಿದೆ. ನೋಡಿ, ಗುಂಡು ಹಾರಿಸಿದವರಿಗೆ ಸಿಕ್ಕ ಈ ಹಕ್ಕು ಗುಂಡು ತಿಂದವರಿಗೆ ಸಿಗಲಿಲ್ಲ. ಹೂವು ಎಸೆದವರಲ್ಲಿ ಎಷ್ಟು ಜನ ಆ ವರದಿಯ ಸುದ್ದಿಯನ್ನಾದರೂ ಓದಿದರು? ಪಟಾಕಿಯನ್ನು ತಾಸುಗಟ್ಟಲೆ ತೋರಿಸಿದ ಚಾನೆಲ್‌ಗಳಿಗೂ ವರದಿ ಬಂದ ದಿನ ಆ ಉತ್ಸಾಹ ಇರಲಿಲ್ಲ.

"ತಪ್ಪು ಮಾಡಿದ್ದು ಅವರೇ ಅಂತ ಎಲ್ಲರಿಗೂ ಗೊತ್ತಿತ್ತು" ಅಂತ ನೀವು ಬರೆದಿದ್ದೀರಿ. ಎಲ್ಲರಿಗೂ ಗೊತ್ತಿರುವುದು ಅಂದರೆ ಪೊಲೀಸರು ಪ್ರೆಸ್‌ಮೀಟಿನಲ್ಲಿ ಹೇಳಿದ್ದು. 2017ರ ಸೆಪ್ಟೆಂಬರ್‌ನಲ್ಲಿ ಗುರುಗ್ರಾಮದ ಒಂದು ದೊಡ್ಡ ಶಾಲೆಯಲ್ಲಿ ಏಳು ವರ್ಷದ ಹುಡುಗನ ಕತ್ತು ಕೊಯ್ದು ಕೊಂದರು. ಅದೇ ದಿನ ಪೊಲೀಸರು ಶಾಲಾ ಬಸ್ಸಿನ ಕಂಡಕ್ಟರನ್ನು ಹಿಡಿದರು. ತಪ್ಪೊಪ್ಪಿಕೊಂಡಿದ್ದಾನೆ ಎಂದರು. ಟಿವಿ ಕ್ಯಾಮೆರಾ ಮುಂದೆಯೂ ಅವನು ಒಪ್ಪಿಕೊಂಡ. ಆಗಲೂ ಎಲ್ಲರಿಗೂ ಗೊತ್ತಿತ್ತು, ಆಗಲೂ ಗಲ್ಲಿಗೇರಿಸಿ ಅನ್ನುವ ಕೂಗು. ಎರಡು ತಿಂಗಳಾದ ಮೇಲೆ ಸಿಬಿಐ ಅದೇ ಶಾಲೆಯ ಹನ್ನೊಂದನೇ ಕ್ಲಾಸಿನ ವಿದ್ಯಾರ್ಥಿಯನ್ನು ವಶಕ್ಕೆ ತೆಗೆದುಕೊಂಡಿತು. 2018ರ ಫೆಬ್ರವರಿಯಲ್ಲಿ ಕೋರ್ಟು ಕಂಡಕ್ಟರನ್ನು ಪ್ರಕರಣದಿಂದಲೇ ಕೈಬಿಟ್ಟಿತು. ಅವನನ್ನು ಮೊದಲ ವಾರ ಸ್ಥಳ ಮಹಜರಿಗೆ ಕರೆದೊಯ್ದು, ಅವನು "ಓಡಲು ಯತ್ನಿಸಿ" ಸತ್ತಿದ್ದರೆ? ನಾವೆಲ್ಲ ಪಟಾಕಿ ಹೊಡೆದು ಮಲಗುತ್ತಿದ್ದೆವು. ಸಿಬಿಐ ಕೂಡ ಬರುತ್ತಿರಲಿಲ್ಲ.

ಹುಬ್ಬಳ್ಳಿಯ ಆರೋಪಿ ನಿರಪರಾಧಿ ಅಂತ ನಾನು ಹೇಳುತ್ತಿಲ್ಲ. ಆತ ಕಲ್ಲು ಹೊಡೆದು ಓಡಲು ನೋಡಿದ, ಅದಕ್ಕೆ ಗುಂಡು ಹಾರಿಸಿದೆವು ಅನ್ನುವುದು ಪೊಲೀಸರ ಮಾತು. ಅದು ನಿಜವೂ ಇರಬಹುದು. ನಿಜವಾಗಿದ್ದರೆ ತನಿಖೆಯಲ್ಲಿ ಗೆಲ್ಲುವುದು ಗುಂಡು ಹಾರಿಸಿದ ಆ ಮಹಿಳಾ ಪಿಎಸ್‌ಐ ಅವರೇ. ಇಂಥ ಪ್ರತಿ ಸಾವಿಗೂ ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯ ತಂಡ ತನಿಖೆ ಮಾಡಬೇಕು, ಕೂಡಲೇ ಬಡ್ತಿ ಬಹುಮಾನ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಇದು ನಾನು ಮನೆಯಲ್ಲಿ ಕೂತು ಮಾಡಿದ ಕಾನೂನು ಅಲ್ಲ. ಹುಬ್ಬಳ್ಳಿ ಪ್ರಕರಣವೂ ಸಿಐಡಿಗೆ ಹೋಯಿತು, ಹೈಕೋರ್ಟಿನ ಮುಂದೂ ಬಂತು. ಆಗಲೇಬೇಕಾದ ಕೆಲಸ ಆಗಲಿ ಎಂದು ಬರೆದರೆ ಕೊಲೆಗಾರನ ವಕಾಲತ್ತು ಅಂತೀರಲ್ಲ!

ಈಗ ಮಂಗಳೂರಿಗೆ ಬರುತ್ತೇನೆ. 2019ರ ಡಿಸೆಂಬರ್ 19. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆ, ಊರಲ್ಲಿ ನಿಷೇಧಾಜ್ಞೆ. ಸಂಜೆ ಗೋಲಿಬಾರ್, ಇಬ್ಬರ ಸಾವು. ಕರ್ಫ್ಯೂ ಹಾಕಿದರು, ಇಂಟರ್‌ನೆಟ್ ನಿಲ್ಲಿಸಿದರು. ಸತ್ತ ಇಬ್ಬರ ಹೆಸರೂ ಎಫ್‌ಐಆರ್‌ನ ಆರೋಪಿಗಳ ಪಟ್ಟಿಯಲ್ಲಿತ್ತು. ಮುಖ್ಯಮಂತ್ರಿ ಯಡಿಯೂರಪ್ಪ ತಲಾ 10 ಲಕ್ಷ ಪರಿಹಾರ ಘೋಷಿಸಿದರು, ಕೆಲವೇ ದಿನದಲ್ಲಿ ತನಿಖೆ ಮುಗಿಯುವವರೆಗೆ ಕೊಡುವುದಿಲ್ಲ ಎಂದರು. ಆ ದಿನ ಬಂಧಿತರಾದವರಿಗೆ 2020ರ ಫೆಬ್ರವರಿಯಲ್ಲಿ ಜಾಮೀನು ಕೊಟ್ಟ ಹೈಕೋರ್ಟು, ಪೊಲೀಸರು ತಮ್ಮ ಅತಿರೇಕ ಮುಚ್ಚಿಕೊಳ್ಳಲು ಅಮಾಯಕರನ್ನು ಸಿಕ್ಕಿಸಿದಂತೆ ಕಾಣುತ್ತದೆ ಎನ್ನುವ ಅರ್ಥದ ಮಾತು ಆಡಿತು. ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು, ಅದೇ ವರ್ಷ ಆಮೇಲೆ ಜಾಮೀನನ್ನೂ ಕೊಟ್ಟಿತು. ಎರಡನ್ನೂ ಹೇಳಿದ್ದೇನೆ, ಮುಚ್ಚಿಟ್ಟೆ ಅನ್ನಬೇಡಿ.

2019ರ ಡಿಸೆಂಬರಿನ ಆ ಎರಡು ವಾರ ನಮ್ಮ ಟಪಾಲಿನಲ್ಲಿ ಬಂದ ಪತ್ರಗಳಲ್ಲಿ ಒಂದು ತಮಾಷೆ ಕಂಡೆ. ಹೈದರಾಬಾದಿಗೆ ಹೂವು ಎಸೆದ ಕೆಲವರೇ ಮಂಗಳೂರಿಗೆ ನ್ಯಾಯಾಂಗ ತನಿಖೆ ಕೇಳಿದರು. ಹೈದರಾಬಾದಿನಲ್ಲಿ ಪೊಲೀಸರು ದೂರು ಕೂಡ ತಗೊಳ್ಳಲ್ಲ, ಲಂಚಕೋರರು ಎಂದು ಬೈದ ಕೆಲವರು ಮಂಗಳೂರಿನಲ್ಲಿ ಪೊಲೀಸರು ಹೇಳಿದ್ದೇ ವೇದವಾಕ್ಯ ಎಂದರು. ಯಾರೂ ಬಂದೂಕಿನ ಬಗ್ಗೆ ಕೇಳಲಿಲ್ಲ. ಆದೇಶ ಕೊಟ್ಟವರು ಯಾರು, ಎಚ್ಚರಿಕೆ ಕೊಟ್ಟರಾ, ಗುಂಡು ಎಲ್ಲಿಗೆ ಬಿತ್ತು, ಯಾರಿಗೂ ಬೇಕಿರಲಿಲ್ಲ. ಸತ್ತವನ ಜಾತಿ, ಧರ್ಮ, ಊರು, ಮಾಡಿದ ಅಪರಾಧ ಕೇಳಿಕೊಂಡು ಆಮೇಲೆ ಖುಷಿ ಪಡೋದಾ ಸಿಟ್ಟು ಮಾಡೋದಾ ಅಂತ ತೀರ್ಮಾನ. ನನ್ನ ತಕರಾರು ಇರುವುದು ಇಲ್ಲಿ, ನಿಮ್ಮ ಪತ್ರದ ಜೊತೆಗೂ ಇಲ್ಲೇ.

ಗುಂಪಿನ ಮೇಲೆ ಗುಂಡು ಹಾರಿಸುವುದಕ್ಕೂ ಕ್ರಮ ಇದೆ. ಮ್ಯಾಜಿಸ್ಟ್ರೇಟ್ ಅಧಿಕಾರ ಇರುವ ತಹಶೀಲ್ದಾರರಂಥವರು ಅಥವಾ ಕನಿಷ್ಠ ಪಿಎಸ್‌ಐ ದರ್ಜೆಯ ಪೊಲೀಸ್ ಅಧಿಕಾರಿ ಗುಂಪಿಗೆ ಚದುರಿ ಎಂದು ಆದೇಶ ಕೊಡಬೇಕು. ಮೈಕಿನಲ್ಲಿ ಕೂಗಬೇಕು. ಲಾಠಿ, ಅಶ್ರುವಾಯು ಆದಮೇಲೆ, ಬೇರೆ ದಾರಿಯೇ ಇಲ್ಲದಿದ್ದರೆ ಗುಂಡು, ಅದೂ ಕೆಳಕ್ಕೆ ಗುರಿಯಿಟ್ಟು, ಎಷ್ಟು ಬೇಕೋ ಅಷ್ಟೇ. ಕಲ್ಲು ಬಿತ್ತು ಅನ್ನುವುದೊಂದೇ ಸಾಲದು.

ತೂತ್ತುಕುಡಿಯಲ್ಲಿ 2018ರ ಮೇ 22ರಂದು ಏನಾಯಿತು ನೋಡಿ. ಸ್ಟರ್ಲೈಟ್ ತಾಮ್ರ ಕಾರ್ಖಾನೆ ವಿರುದ್ಧದ ಚಳವಳಿಯ 100ನೇ ದಿನ. ಗುಂಡಿಗೆ 13 ಜನ ಸತ್ತರು. ಸಮಾಜಘಾತುಕರು ಒಳಗೆ ಸೇರಿಕೊಂಡರು ಎಂದು ರಜನಿಕಾಂತ್ ಹೇಳಿದರು. ಆಸ್ಪತ್ರೆಯಲ್ಲಿ ಗಾಯಗೊಂಡು ಮಲಗಿದ್ದ ಹುಡುಗನೊಬ್ಬ ಸೂಪರ್‌ಸ್ಟಾರ್ ಮುಖ ನೋಡಿ "ಯಾರು ನೀವು?" ಎಂದು ಕೇಳಿದ್ದು ಆಗ ದೊಡ್ಡ ಸುದ್ದಿ. ಕೊನೆಗೆ ನ್ಯಾಯಮೂರ್ತಿ ಅರುಣಾ ಜಗದೀಶನ್ ಆಯೋಗದ ವರದಿ 2022ರಲ್ಲಿ ವಿಧಾನಸಭೆಗೆ ಬಂತು. ಓಡುತ್ತಿದ್ದವರಿಗೂ ಗುಂಡು ಬಿದ್ದಿತ್ತು, ಹಾರಿಸುವಂಥ ಪರಿಸ್ಥಿತಿಯೇ ಇರಲಿಲ್ಲ ಎಂದಿತು. ನಾಲ್ಕು ವರ್ಷ ತಡವಾಗಿ. ಅಷ್ಟರಲ್ಲಿ ಜನರ ಗಮನ ಬೇರೆ ಕಡೆ ಹೋಗಿತ್ತು.

ಇನ್ನು ನಿಮ್ಮ ಊರಿನದೇ ಹೇಳುತ್ತೇನೆ. ಬೇಜಾರಾಗಬೇಡಿ. 2008ರ ಜೂನ್ 10ರಂದು ಹಾವೇರಿಯಲ್ಲಿ ಪೊಲೀಸರ ಗುಂಡಿಗೆ ರೈತ ಸತ್ತದ್ದು ನಿಮಗೆ ನಾನು ಹೇಳಬೇಕಾಗಿಲ್ಲ. ಜನ ಬೀದಿಗಿಳಿದಿದ್ದು ಗೊಬ್ಬರಕ್ಕಾಗಿ. ಬಿತ್ತನೆ ಹೊತ್ತಿಗೆ ಡಿಎಪಿ ಸಿಗದೆ ಕ್ಯೂ ನಿಂತು ನಿಂತು ರೇಗಿದ್ದರು. ರೈತರ ಹೆಸರಿನಲ್ಲಿ ಪ್ರಮಾಣ ವಚನ ತೆಗೆದುಕೊಂಡ ಸರ್ಕಾರಕ್ಕೆ ಆಗ ಎರಡು ವಾರವೂ ತುಂಬಿರಲಿಲ್ಲ. ಆಗ ರಾಜ್ಯವೆಲ್ಲ ಸಿಟ್ಟಾಯಿತು, ಪಕ್ಷ ನೋಡದೆ ಸಿಟ್ಟಾಯಿತು, ಅದು ಸರಿಯಾದ ಸಿಟ್ಟು. "ಗಲಾಟೆ ಮಾಡಿದವರು ಸತ್ತರು, ಅಳುವುದೇನು" ಅನ್ನುವ ನಿಮ್ಮ ಮಂಗಳೂರಿನ ಮಾತನ್ನು ಆ ರೈತನ ಮನೆ ಮುಂದೆ ನಿಂತು ಹೇಳುತ್ತೀರಾ? ನೀವು ಹೇಳುವುದಿಲ್ಲ. ನಾನೂ ಹೇಳುವುದಿಲ್ಲ.

ಪೊಲೀಸರ ಸಾವಿನ ಬಗ್ಗೆ ನೀವು ಹೇಳಿದ್ದರಲ್ಲಿ ಸತ್ಯ ಇದೆ. ಪತ್ರಿಕೆಗಳೆಲ್ಲಕ್ಕೂ ಸೇರಿಸಿ ಹೇಳುತ್ತೇನೆ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಿನ ಕರ, ಅಭಿವೃದ್ಧಿ ಕರದ ವಿರುದ್ಧ ಎದ್ದರು. ನವಲಗುಂದ, ನರಗುಂದ ಎರಡೂ ಕಡೆ ಗುಂಡು ಹಾರಿತು, ರೈತರು ಸತ್ತರು. ನರಗುಂದದಲ್ಲಿ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಆ ಸಿಟ್ಟು ಅಲ್ಲಿಗೇ ನಿಲ್ಲಲಿಲ್ಲ. ರೈತ ಸಂಘ ಕಟ್ಟಿತು, ಗುಂಡೂರಾವ್ ಸರ್ಕಾರದ ಕುರ್ಚಿ ಅಲುಗಿತು, 1983ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಮೊದಲ ಸಲ ಅಧಿಕಾರ ಕಳೆದುಕೊಂಡಿತು. ಪ್ರತಿ ಜುಲೈ 21ಕ್ಕೆ ಎಲ್ಲ ಪಕ್ಷದವರೂ ಹೋಗಿ ವೀರಗಲ್ಲಿಗೆ ಮಾಲೆ ಹಾಕುತ್ತಾರೆ. ಅಂದು ಸತ್ತ ಪೊಲೀಸರ ಹೆಸರು ಆ ಭಾಷಣಗಳಲ್ಲಿ ಬರುವುದು ಅಪರೂಪ. ಅವರಿಗೂ ಹೆಂಡತಿ ಮಕ್ಕಳಿದ್ದರು. ಆ ಹೊತ್ತಿಗೆ ಅಲ್ಲಿಗೆ ಅವರನ್ನು ಕಳಿಸಿದವರು ಕಚೇರಿಯಲ್ಲಿ ಕೂತಿದ್ದರು.

ಇದಕ್ಕೇ ಹೇಳುವುದು, ತನಿಖೆ ಪೊಲೀಸರ ವಿರುದ್ಧದ ಅಸ್ತ್ರ ಅಲ್ಲ ಅಂತ. ಕರ ಏರಿಸಿದವರು, ಗೊಬ್ಬರ ತರಿಸದವರು, ಮಾತುಕತೆಗೆ ಬಾರದವರು ಎಲ್ಲ ಹಿಂದೆ ಉಳಿದು, ಮುಂದೆ ನಿಲ್ಲುವುದು ಒಬ್ಬ ಕಾನ್‌ಸ್ಟೆಬಲ್. ಆತ ರಾತ್ರಿಯಿಡೀ ಬಂದೋಬಸ್ತ್ ಮಾಡಿ ನಿದ್ದೆಗೆಟ್ಟಿರುತ್ತಾನೆ. ನಾಳೆ ಕೇಸ್ ಆದರೆ ಕೋರ್ಟಿಗೆ ಅಲೆಯುವವನೂ ಅವನೇ. 1938ರಲ್ಲಿ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದವರ ಮೇಲೆ ಗುಂಡು ಹಾರಿದಾಗ, ರಾಜರ ಕಾಲದ ಮೈಸೂರು ಸರ್ಕಾರವೇ ವೇಪಾ ರಾಮೇಶಂ ಸಮಿತಿ ಮಾಡಿ ವಿಚಾರಣೆ ನಡೆಸಬೇಕಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರಿಂದ ಕೇಳಬಹುದಾಗಿದ್ದ ಪ್ರಶ್ನೆಯನ್ನು ಚುನಾಯಿತ ಸರ್ಕಾರದಿಂದ ಕೇಳಬಾರದಾ?

ಜನ ಪಟಾಕಿ ಹೊಡೆಯುವುದು ಯಾಕೆ ಅಂತ ನನಗೆ ಅರ್ಥ ಆಗುತ್ತದೆ. ದೆಹಲಿಯ 2012ರ ಡಿಸೆಂಬರ್ ಪ್ರಕರಣದಲ್ಲಿ ಗಲ್ಲು ಆದದ್ದು 2020ರ ಮಾರ್ಚ್‌ನಲ್ಲಿ. ದೇಶವೇ ಕಣ್ಣಿಟ್ಟಿದ್ದ ಕೇಸಿಗೇ ಏಳು ವರ್ಷ ದಾಟಿದರೆ, ಹುಬ್ಬಳ್ಳಿಯ ಕೂಲಿಯವರ ಮಗುವಿನ ಕೇಸಿಗೆ ಎಷ್ಟು ವರ್ಷ ಅಂತ ಯಾರಿಗಾದರೂ ಅನಿಸುತ್ತದೆ. ಆ ಸಿಟ್ಟನ್ನು ಕೋರ್ಟು, ಸರ್ಕಾರದ ಮೇಲೆ ಹಾಕಿ ಸರ್. ನ್ಯಾಯಾಧೀಶರ ಹುದ್ದೆ ಯಾಕೆ ಖಾಲಿ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಯಾಕೆ ತಡ ಅಂತ ಕೇಳಿ. ಅದಕ್ಕೆ ನಮ್ಮ ಪುಟ ಎಷ್ಟು ಬೇಕಾದರೂ ಕೊಡುತ್ತೇನೆ.

ಕ್ಷಮೆ ಕೇಳುವುದಿಲ್ಲ. ಚಂದಾ ನಿಮ್ಮಿಷ್ಟ, ಉಳಿದ ಹಣ ವಾಪಸ್ ಕಳಿಸಲು ಕಚೇರಿಯವರಿಗೆ ಹೇಳಿದ್ದೇನೆ, ಬ್ಯಾಂಕ್ ವಿವರ ಅವರಿಗೆ ಕೊಡಿ. ಬಿಡದಿದ್ದರೆ ಒಂದು ಕೆಲಸ ಮಾಡಿ. 2008ರಲ್ಲಿ ಗೊಬ್ಬರದ ಕ್ಯೂನಲ್ಲಿ ನಿಂತವರು ನಿಮ್ಮ ಸುತ್ತಮುತ್ತ ಈಗಲೂ ಇರುತ್ತಾರೆ. ಆ ದಿನ ಬಂದೋಬಸ್ತಿನಲ್ಲಿದ್ದು ಈಗ ನಿವೃತ್ತರಾದ ಪೊಲೀಸರೂ ಇರಬಹುದು. ಇಬ್ಬರನ್ನೂ ಕೇಳಿ, ಅವರು ಹೇಳಿದ್ದನ್ನು ಹೇಳಿದಂತೆ ಬರೆದು ಕಳಿಸಿ. ಒಂದಕ್ಕೊಂದು ತಾಳೆಯಾಗದಿದ್ದರೂ ಪರವಾಗಿಲ್ಲ, ಎರಡನ್ನೂ ಅಕ್ಕಪಕ್ಕ ಹಾಕುತ್ತೇವೆ.