ಹಳೆ ತೊಲೆಯಿಂದ ಕೆಲಸದ ಮೇಜು

ಪ್ರಶ್ನೆ: ಹಳೆ ಮನೆ ಬಿಚ್ಚಿದಾಗ ತೇಗದ ಚೌಕಟ್ಟು, ತೊಲೆ, ಶಹಾಬಾದ್ ಕಲ್ಲು ಉಳಿದಿವೆ. ಬಡಗಿ ಕೆಲಸದ ಮೇಜಿಗೆ ಕಲ್ಲನ್ನೇ ಮೇಲೆ ಹಾಕಬಹುದೇ?
— ಓದುಗರು, ಕಲಬುರಗಿ

ಉತ್ತರ: ಮೇಲೆ ಬೇಡ. ಸುತ್ತಿಗೆ ಏಟಿಗೆ ಕಲ್ಲು ಒಡೆಯುತ್ತದೆ, ತಾಗಿದರೆ ಉಳಿಯ ಬಾಯಿ ಹೋಗುತ್ತದೆ. ಅದನ್ನು ಕೆಳಗಿನ ಅಡ್ಡಪಟ್ಟಿಗಳ ಮೇಲೆ ಇಡಿ. ನನ್ನ ಮೇಜಿನ ಕೆಳಗೂ ಅದೇ ಕಲ್ಲಿದೆ. ಎಷ್ಟು ಜೋರಾಗಿ ರಂದಾ ಹೊಡೆದರೂ ಮೇಜು ಜರುಗುವುದಿಲ್ಲ. ತೊಲೆ ಕಾಲಿಗೆ, ಚೌಕಟ್ಟಿನ ತೇಗ ಮೇಲ್ಭಾಗಕ್ಕೆ. ಅಂಥ ತೇಗ ಈಗ ಎಲ್ಲಿ ಸಿಗುತ್ತದೆ, ದಯವಿಟ್ಟು ಸೌದೆಗೆ ಹಾಕಬೇಡಿ. ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ ಕೀಳಿ. ಕಾಲುಗಳನ್ನು ಬೋಲ್ಟಿನಿಂದ ಬಿಗಿಯಿರಿ, ಬರೀ ಮೊಳೆ ಸಡಿಲಾಗುತ್ತದೆ. ಹಿಂಭಾಗಕ್ಕೆ ಓರೆಯಾಗಿ ಒಂದು ಪಟ್ಟಿ ಹೊಡೆದರೆ ಅಲುಗಾಟ ನಿಲ್ಲುತ್ತದೆ. ಎತ್ತರ ನಿಮ್ಮ ಮಣಿಕಟ್ಟಿನ ಮಟ್ಟಕ್ಕಿರಲಿ, ಸುಮಾರು 85 ಸೆಂಟಿಮೀಟರ್.