ಉದ್ದಕ್ಕೂ ಗೆದ್ದು ವಿಧಾನಸಭೆಯಲ್ಲೇ ಬದುಕು ಕಳೆದ ಹೆಂಗಸರು ನಮ್ಮಲ್ಲಿ ಯಾರಾದ್ರೂ ಇದ್ದಾರಾ?

ನಿಮ್ಮ ಪ್ರಶ್ನೆಯಲ್ಲೇ ಒಂದು ಅನುಮಾನ ಇದೆ. ಕರ್ನಾಟಕದಲ್ಲಿ ಶಾಸಕಿಯಾದವರು ಒಂದು ಸಲ ಗೆದ್ದು ಮರೆಯಾಗುವವರೇ ಜಾಸ್ತಿ ಅಲ್ವಾ ಅಂತ. ತಪ್ಪಿಲ್ಲ, ಹಾಗೆ ಅನ್ನಿಸುವುದು ಸಹಜ. ಆದರೆ ಒಂದು ಹೆಸರು ಕೊಡುತ್ತೇನೆ: ಕೆ.ಎಸ್. ನಾಗರತ್ನಮ್ಮ. ಊರು ಗುಂಡ್ಲುಪೇಟೆ ಕಡೆ.

ನಾನು ಮೈಸೂರಿನವನು. ಊಟಿಗೋ ವಯನಾಡಿಗೋ ಹೊರಟವರೆಲ್ಲ ಗುಂಡ್ಲುಪೇಟೆಯಲ್ಲಿ ಟೀ ಕುಡಿದು, ಚೆಂಡು ಹೂವಿನ ಹೊಲದಲ್ಲಿ ಫೋಟೋ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಹೋದವನೇ. ನಮ್ಮಜ್ಜಿ ಮಾತ್ರ ಆ ಊರಿನ ಹೆಸರು ಬಂದರೆ ಸಾಕು, 'ನಾಗರತ್ನಮ್ಮೋರ ಊರು' ಅನ್ನುತ್ತಿದ್ದರು. ಯಾರೋ ಟೀಚರ್ ಇರಬೇಕು ಅಂದುಕೊಂಡಿದ್ದೆ!

1957ರಿಂದ 1989ರವರೆಗೆ ನಮ್ಮ ರಾಜ್ಯದಲ್ಲಿ ಎಂಟು ವಿಧಾನಸಭಾ ಚುನಾವಣೆ ನಡೆದವು. ಅದರಲ್ಲಿ ಏಳು ಸಲ ಗುಂಡ್ಲುಪೇಟೆಯಿಂದ ಗೆದ್ದದ್ದು ಇವರೇ. ನಿಜಲಿಂಗಪ್ಪನವರ ಕಾಲ ಹೋಯಿತು, ಅರಸು ಬಂದರು, ಗುಂಡೂರಾವ್ ಬಂದರು, ಹೆಗಡೆ ಬಂದರು. ಈಯಮ್ಮ ಮಾತ್ರ ಆ ಒಂದು ಸಲ ಬಿಟ್ಟರೆ ಅದೇ ಕ್ಷೇತ್ರ ಹಿಡಿದುಕೊಂಡಿದ್ದರು. ಕಾಡಂಚಿನ, ಮಳೆ ನಂಬಿದ ತಾಲ್ಲೂಕು ಅದು. ಅಲ್ಲಿ ಮೂವತ್ತು ವರ್ಷ ವೋಟು ಉಳಿಸಿಕೊಳ್ಳುವುದು ಸುಮ್ನೆ ಆಗುವ ಕೆಲಸ ಅಲ್ಲ.

ನನಗೆ ಇದಕ್ಕಿಂತ ಕುತೂಹಲ ಅನ್ನಿಸುವುದು 1972ರ ಕಥೆ. ಆ ವರ್ಷ ಮಾರ್ಚ್‌ನಲ್ಲಿ ಅವರು ವಿಧಾನಸಭೆಯ ಅಧ್ಯಕ್ಷರಾದರು, ಅಂದರೆ ಸ್ಪೀಕರ್. ರಾಜ್ಯದ ಮೊದಲ ಮಹಿಳಾ ಸ್ಪೀಕರ್. ಲೋಕಸಭೆಗೆ ಅಂಥವರು ಸಿಕ್ಕಿದ್ದು 2009ರಲ್ಲಿ, ಮೀರಾ ಕುಮಾರ್ ಬಂದಾಗ. 1978ರವರೆಗೆ ನಾಗರತ್ನಮ್ಮ ಆ ಕುರ್ಚಿಯಲ್ಲಿದ್ದರು.

ಆ ವರ್ಷಗಳೇನು ಸಾಮಾನ್ಯವಲ್ಲ. 1972ರ ಜುಲೈನಲ್ಲಿ 'ಮೈಸೂರು' ಹೋಗಿ 'ಕರ್ನಾಟಕ' ಆಗಬೇಕೆಂಬ ನಿರ್ಣಯ ಸದನದ ಮುಂದೆ ಬಂತು. ಆಮೇಲೆ ಭೂ ಸುಧಾರಣೆಯ ತಿದ್ದುಪಡಿ, 1974ರ ಮಾರ್ಚ್‌ನಿಂದ ಜಾರಿಗೆ ಬಂದದ್ದು. ಗೇಣಿದಾರನಿಗೆ ಭೂಮಿ ಕೊಡುವ ಕಾನೂನನ್ನು ಜಮೀನಿದ್ದ ಶಾಸಕರೂ ಕೂತಿದ್ದ ಸದನದಲ್ಲಿ ಚರ್ಚೆಗಿಡಬೇಕು. ಗಲಾಟೆ ಆಗದೆ ಇರುತ್ತದಾ? ಒಂದು ಕಡೆ ಮುಖ್ಯಮಂತ್ರಿ ದೇವರಾಜ ಅರಸು, ಎದುರಿಗೆ ವಿರೋಧ ಪಕ್ಷದ ನಾಯಕ ದೇವೇಗೌಡರು. ತುರ್ತು ಪರಿಸ್ಥಿತಿ ಬಂದಾಗ ಆ ವಿರೋಧ ಪಕ್ಷದ ನಾಯಕರೇ ಜೈಲಿನಲ್ಲಿದ್ದರು. ಸದನದಲ್ಲಿ ಯಾರು ಏನೇ ಮಾತಾಡಲಿ, ಅರಸು ಆಗಲಿ ದೇವೇಗೌಡರಾಗಲಿ, ಅಧ್ಯಕ್ಷ ಪೀಠದ ಕಡೆ ತಿರುಗಿಯೇ ಮಾತಾಡಬೇಕು. ಅಷ್ಟೂ ವರ್ಷ ಆ ಪೀಠದಲ್ಲಿ ಕೂತಿದ್ದದ್ದು ಗುಂಡ್ಲುಪೇಟೆಯ ಈ ಹೆಂಗಸು.

ಒಂದು ತಮಾಷೆ ನೋಡಿ. ಶಾಸಕ ಅಂದರೆ ಗಂಡಸು, ಶಾಸಕಿ ಅಂದರೆ ಹೆಂಗಸು. ಆದರೆ 'ಸಭಾಧ್ಯಕ್ಷರು' ಅನ್ನುವ ಪದಕ್ಕೆ ಹೊಸ ರೂಪ ಹುಡುಕುವ ಕಷ್ಟವೇ ಇರಲಿಲ್ಲ. ಕನ್ನಡದ 'ಅರು' ಗೌರವ ಕೊಟ್ಟು ಗಂಡು ಹೆಣ್ಣಿನ ಭೇದವನ್ನು ಮುಚ್ಚಿಹಾಕಿತು.

ಇನ್ನೊಂದು ವಿಷಯ. ಸ್ಪೀಕರ್ ಆದವರು ಚರ್ಚೆಗೆ ಇಳಿಯುವ ಹಾಗಿಲ್ಲ. ಮತ ಹಾಕುವುದೂ ಸಮ ಸಮ ಬಂದಾಗ ಮಾತ್ರ. ಆರು ವರ್ಷ ಬೇರೆಯವರ ಮಾತು ಕೇಳಿ ಕೇಳಿ, 1980ರ ದಶಕದಲ್ಲಿ ಜನತಾ ಪಕ್ಷದ ಸರ್ಕಾರ ಇದ್ದಾಗ ಇವರೇ ವಿರೋಧ ಪಕ್ಷದ ನಾಯಕಿಯಾದರು. ಮಾತಾಡುವುದೇ ಕೆಲಸ ಇರುವ ಜಾಗ! ಸ್ಪೀಕರ್ ಹುದ್ದೆ ಎಷ್ಟೋ ಜನಕ್ಕೆ ರಾಜಕೀಯದ ಕೊನೇ ನಿಲ್ದಾಣ. ಇವರು ಅಲ್ಲಿಂದ ಇಳಿದು ಮತ್ತೆ ಗೆದ್ದು, ಎದುರಿನ ಸಾಲಿನಲ್ಲಿ ಕೂತು ಸರ್ಕಾರವನ್ನು ಪ್ರಶ್ನೆ ಕೇಳಿದರು. ನನ್ನ ಮಟ್ಟಿಗೆ ಮೊದಲ ಮಹಿಳೆ ಅನ್ನುವ ಪಟ್ಟಕ್ಕಿಂತ ಇದೇ ದೊಡ್ಡದು.

ನಿಮ್ಮ ಅನುಮಾನಕ್ಕೆ ಆಧಾರವೂ ಅದೇ ಕ್ಷೇತ್ರದಲ್ಲಿ ಸಿಗುತ್ತದೆ. 2017ರ ಜನವರಿಯಲ್ಲಿ ಮಂತ್ರಿ ಎಚ್.ಎಸ್. ಮಹದೇವ ಪ್ರಸಾದ್ ತೀರಿಕೊಂಡರು. ಉಪಚುನಾವಣೆಯಲ್ಲಿ ಅವರ ಹೆಂಡತಿ ಗೀತಾ ಮಹದೇವ ಪ್ರಸಾದ್ ಗೆದ್ದು ಮಂತ್ರಿಯೂ ಆದರು. ಮರುವರ್ಷ ಸೋತರು. 2023ರಲ್ಲಿ ಗೆದ್ದದ್ದು ಅವರ ಮಗ. ಇದರಲ್ಲಿ ಅವರದ್ದೇನು ತಪ್ಪು? ಒಂದು ವರ್ಷ ಚಿಲ್ಲರೆಯಲ್ಲಿ ಯಾರಿಗೆ ತಾನೇ ಬೇರು ಬಿಡಲು ಆಗುತ್ತದೆ. ನಾಗರತ್ನಮ್ಮನವರಿಗೆ ಟಿಕೆಟ್ ಮತ್ತೆ ಮತ್ತೆ ಸಿಕ್ಕಿತು, ಸಮಯ ಸಿಕ್ಕಿತು.

ಈಗ ಆ ಸಮಯ ಕೊಡುವವರೇ ಕಡಿಮೆ. 1962ರಲ್ಲಿ 208 ಸ್ಥಾನದ ಸದನಕ್ಕೆ 18 ಹೆಂಗಸರು ಗೆದ್ದು ಬಂದಿದ್ದರು, ನಾಗರತ್ನಮ್ಮ ಅವರಲ್ಲೊಬ್ಬರು. 2023ರ ಸಾರ್ವತ್ರಿಕ ಚುನಾವಣೆಯಲ್ಲಿ 224ಕ್ಕೆ ಗೆದ್ದದ್ದು 10. ಮತ್ತೆ ಸ್ಪೀಕರ್ ಕುರ್ಚಿಯ ಲೆಕ್ಕ ಕೇಳಿದರೆ, 1978ರಿಂದ ಈಚೆಗೆ ಅಲ್ಲಿ ಕೂತವರೆಲ್ಲ ಗಂಡಸರೇ.