ಫಾಸ್ಟ್ಯಾಗನ್ನು ಗಾಜಿಗೇ ಯಾಕೆ ಅಂಟಿಸಬೇಕು? ಲಾರಿಯ ತಗಡಿನ ಮೇಲೆ ಅಂಟಿಸಿದರೆ ಏನಾಗುತ್ತದೆ?

ತಗಡಿನ ಮೇಲೆ ಅಂಟಿಸಿದರೆ ಟ್ಯಾಗ್‌ಗೆ ಜೀವವೇ ಬರುವುದಿಲ್ಲ. ಅದರಲ್ಲಿ ಬ್ಯಾಟರಿ ಇಲ್ಲ. ಟೋಲ್‌ನ ರೀಡರ್ ಕಳಿಸುವ ರೇಡಿಯೋ ಅಲೆಯಿಂದಲೇ ಒಳಗಿನ ಚಿಪ್ ಎಚ್ಚರವಾಗಬೇಕು. ಆ ಅಲೆ ಹಿಡಿಯುವುದು ಸ್ಟಿಕರ್ ಒಳಗಿನ ತೆಳು ಲೋಹದ ಗೆರೆ, ಅಂದರೆ ಆಂಟೆನಾ.

ತಗಡು ಅಷ್ಟು ಹತ್ತಿರ ಇದ್ದರೆ ಅದರಲ್ಲೂ ಕರೆಂಟ್ ಹುಟ್ಟುತ್ತದೆ, ಆದರೆ ಎದುರು ದಿಕ್ಕಿನಲ್ಲಿ. ಆಂಟೆನಾ ಹಿಡಿದದ್ದನ್ನು ತಗಡು ಅಳಿಸಿಹಾಕುತ್ತದೆ. ಚಿಪ್‌ಗೆ ಉಳಿಯುವುದು ಹೆಚ್ಚುಕಮ್ಮಿ ಸೊನ್ನೆ.

ಗಾಜು ಹಾಗಲ್ಲ. ಅಲೆಯನ್ನು ಒಳಗೆ ಬಿಡುತ್ತದೆ, ವೇಗ ಮಾತ್ರ ತಗ್ಗಿಸುತ್ತದೆ. ಅದರಿಂದ ಗಾಜಿಗೆ ಅಂಟಿದ ಆಂಟೆನಾ ಇರುವುದಕ್ಕಿಂತ ಉದ್ದವಾಗಿರುವಂತೆ ವರ್ತಿಸುತ್ತದೆ. ವಿನ್ಯಾಸ ಮಾಡುವವರು ಇದನ್ನು ಮೊದಲೇ ಲೆಕ್ಕ ಹಾಕಿ ಗೆರೆಯನ್ನು ಮೊಟಕು ಮಾಡಿರುತ್ತಾರೆ. ನಮ್ಮಲ್ಲಿ ಬಳಸುವುದು 865–867 ಮೆಗಾಹರ್ಟ್ಸ್‌ನ ರೇಡಿಯೋ ಅಲೆ. ಆ ಅಲೆಯ ಉದ್ದ ಸುಮಾರು 35 ಸೆಂ.ಮೀ. ಆಂಟೆನಾಗೆ ಅದರ ಅರ್ಧ, ಅಂದರೆ 17 ಸೆಂ.ಮೀ. ಬೇಕು. ಗಾಜಿನ ಮೇಲೆ ಅಷ್ಟುದ್ದದ ಪಟ್ಟಿ ಯಾರಿಗೆ ಇಷ್ಟ? ಅದಕ್ಕೇ ಗೆರೆಯನ್ನು ಹಾವಿನ ಹಾಗೆ ಡೊಂಕು ಡೊಂಕಾಗಿ ಮಡಚುತ್ತಾರೆ. ಜಾಸ್ತಿ ಮಡಚಿದರೆ ಓದುವ ದೂರ ಕಮ್ಮಿಯಾಗುತ್ತದೆ, ಕಷ್ಟ ಇರುವುದೇ ಅಲ್ಲಿ.

ಚಿತ್ರದುರ್ಗ–ದಾವಣಗೆರೆ ನಡುವಿನ ಹೆಬ್ಬಾಳು ಟೋಲ್‌ನಲ್ಲಿ ಟ್ಯಾಗನ್ನು ಕೈಯಲ್ಲಿ ಹಿಡಿದು ತೋರಿಸುವವರನ್ನು ನೋಡಿದ್ದೇನೆ. ಅದೂ ಸುಮ್ನೆ ತೊಂದರೆ. ಮೈಯಲ್ಲಿ ನೀರೇ ಜಾಸ್ತಿ ಅಲ್ವಾ, ಆಂಟೆನಾ ಮೇಲೆ ಬೆರಳಿಟ್ಟರೆ ಅಲೆಯನ್ನು ಅದೇ ನುಂಗುತ್ತದೆ.

ಕಂಟೇನರ್‌ಗಳಿಗೆ ತಗಡಿನ ಮೇಲೇ ಕೂರುವ ಟ್ಯಾಗ್ ಬೇರೆ ಇದೆ. ಅದರಲ್ಲಿ ಆಂಟೆನಾಕ್ಕೂ ತಗಡಿಗೂ ನಡುವೆ ದಪ್ಪ ಪದರ ಇಟ್ಟಿರುತ್ತಾರೆ.